ಅತ್ತಿಗೆಗೆ ಸಿಕ್ಕ ಎರಡು ಸೀಟು

ನಮ್ಮ ಅತ್ತಿಗೆ ಕಾಲು ಮಾಡುತ್ತಾರೆ. ಯಾರಾದರೂ ಅವರ ಕೆಲಸದ ಬಗ್ಗೆ ವಿಚಾರಿಸಿದರೆ ನಾನು ಇಷ್ಟೇ ಹೇಳಿ ಸುಮ್ಮನಾಗುತ್ತೇನೆ. ಕೇಳಿದವರು ಸ್ವಲ್ಪ ಹೊತ್ತು ಕಕ್ಕಾಬಿಕ್ಕಿಯಾಗಬೇಕು, ಅದರಲ್ಲಿ ನನಗೊಂದು ಖುಷಿ. ಆಮೇಲೆ ಬಿಡಿಸಿ ಹೇಳುತ್ತೇನೆ. ದೊಡ್ಡ ಆಸ್ಪತ್ರೆಯ ಹಿಂಭಾಗದಲ್ಲಿ, ಬಟ್ಟೆ ಒಗೆಯುವ ಕೋಣೆಯ ಪಕ್ಕ, ಕೃತಕ ಕೈಕಾಲು ಮಾಡುವ ವರ್ಕ್‌ಶಾಪ್ ಇದೆ. ಅಪಘಾತದಲ್ಲೋ ಸಕ್ಕರೆ ಕಾಯಿಲೆಯಲ್ಲೋ ಕಾಲು ಕಳೆದುಕೊಂಡವರು ಅಲ್ಲಿಗೆ ಬರುತ್ತಾರೆ. ಅತ್ತಿಗೆ ಅವರ ಕಾಲಿನ ಉಳಿದ ಭಾಗಕ್ಕೆ ಪ್ಲಾಸ್ಟರ್ ಸುತ್ತಿ ಅಚ್ಚು ತೆಗೆದು, ಅಚ್ಚನ್ನು ಅರದಿಂದ ಉಜ್ಜಿ ತಿದ್ದಿ, ಅದರ ಮೇಲೆ ಬಿಸಿ ಪ್ಲಾಸ್ಟಿಕ್ ಹಾಳೆ ಎಳೆದು ಕಾಲು ಕೂರುವ ಬಟ್ಟಲು ಮಾಡುತ್ತಾರೆ. ಸಂಜೆ ಮನೆಗೆ ಬಂದರೆ ತಲೆ ತುಂಬ ಬಿಳಿ ಪುಡಿ. ಅದರಲ್ಲಿ ಪ್ಲಾಸ್ಟರ್ ಎಷ್ಟು, ನರೆ ಎಷ್ಟು ಎಂದು ನಾನು ರೇಗಿಸುತ್ತೇನೆ. ಅವರು ಟವೆಲ್ ಕೊಡವಿ ನನ್ನ ತಲೆಯನ್ನೂ ಬಿಳಿ ಮಾಡುತ್ತಾರೆ.

ಮನೆಯಲ್ಲಿ ನಾವು ನಾಲ್ಕೇ ಜನ. ಕೆಳಗೆ ಅಣ್ಣ, ಅತ್ತಿಗೆ, ಅವರ ಮಗಳು ಚೋಟು. ಚೋಟು ಈಗ ಹೈಸ್ಕೂಲಿನಲ್ಲಿದ್ದಾಳೆ, ನಮ್ಮೆಲ್ಲರಿಗಿಂತ ಉದ್ದ, ಆದರೂ ಚೋಟುದ್ದ ಇದ್ದಾಗ ಇಟ್ಟ ಹೆಸರು ಹೋಗಿಲ್ಲ. ಮೇಲೆ ತಾರಸಿಯ ಒಂಟಿ ಕೋಣೆಯಲ್ಲಿ ನಾನು. ಮದುವೆ ಸರಿಹೋಗದೆ ಒಂದು ಸೂಟ್‌ಕೇಸ್ ಹಿಡಿದು ವಾಪಸ್ಸು ಬಂದವಳಿಗೆ ಅತ್ತಿಗೆ ಒಂದೇ ಒಂದು ಪ್ರಶ್ನೆಯನ್ನೂ ಕೇಳದೆ ಆ ಕೋಣೆ ಗುಡಿಸಿಕೊಟ್ಟರು. ನಾನು ಡ್ರೈವಿಂಗ್ ಸ್ಕೂಲಿನಲ್ಲಿ ಹೆಂಗಸರಿಗೆ ಕಾರು ಕಲಿಸುತ್ತೇನೆ. ನಮ್ಮ ಕಾರಿನಲ್ಲಿ ಕಲಿಸುವವರ ಕಾಲಡಿಗೂ ಒಂದು ಬ್ರೇಕ್ ಇರುತ್ತದೆ. ಆ ಅಭ್ಯಾಸ ಮನೆಯಲ್ಲೂ ಹೋಗುವುದಿಲ್ಲ, ಇನ್ನೊಬ್ಬರ ವಿಷಯದಲ್ಲಿ ಮೂಗು ತೂರಿಸುವುದರಲ್ಲಿ ನಾನು ಎತ್ತಿದ ಕೈ ಎಂದು ಅಣ್ಣ ಹೇಳುತ್ತಾನೆ. ಅವನು ಬಸ್ ಡಿಪೋದಲ್ಲಿ ಟೈಮ್ ಕೀಪರ್. ಯಾವ ಬಸ್ಸು ಯಾವಾಗ ಹೊರಡಬೇಕೆಂದು ಇಡೀ ಊರಿಗೆ ಹೇಳುವವನಿಗೆ ಹಾಲು ಯಾವಾಗ ಉಕ್ಕುತ್ತದೆಂದು ಮಾತ್ರ ಗೊತ್ತಾಗುವುದಿಲ್ಲ.

ಅತ್ತಿಗೆಗೆ ಮುಂದೆ ಓದಬೇಕೆಂಬ ಹುಚ್ಚು ಹತ್ತಿಸಿದ್ದು ಮಕ್ಕಳು. ದೊಡ್ಡವರಿಗೆ ಮಾಡಿದ ಕಾಲು ಹಲವು ವರ್ಷ ಬರುತ್ತದೆ. ಮಕ್ಕಳಿಗೆ ಹಾಗಲ್ಲ. ಒಂದು ಪುಟ್ಟ ಹುಡುಗಿ ಪ್ರತಿ ವರ್ಷ ಹಳೆಯ ಕಾಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಬಂದು, "ಆಂಟಿ, ಇದೂ ಚಿಕ್ಕದಾಯ್ತು" ಎಂದು ಮೇಜಿನ ಮೇಲಿಡುತ್ತಾಳಂತೆ, ಅಂಗಡಿಗೆ ಚಪ್ಪಲಿ ವಾಪಸ್ಸು ತಂದವರ ಹಾಗೆ. ಮತ್ತೆ ಅಚ್ಚು, ಮತ್ತೆ ಅರ, ಮತ್ತೆ ಮೊದಲಿನಿಂದ ನಡಿಗೆ ಕಲಿಯುವುದು. ಮಗುವಿನ ಜೊತೆ ಒಂದಿಷ್ಟಾದರೂ ಬೆಳೆಯುವ ಕಾಲು ಮಾಡಲಾಗದೇ ಎಂದು ಅತ್ತಿಗೆ ವರ್ಷಗಟ್ಟಲೆ ಎಲ್ಲರ ತಲೆ ತಿಂದರು. ಕೊನೆಗೆ ವಿಭಾಗದ ಡಾಕ್ಟರು, "ನನ್ನ ಕೇಳಿದ್ರೆ ಏನಮ್ಮಾ ಪ್ರಯೋಜನ? ಹೋಗಿ ಓದಿ, ನೀವೇ ಕಂಡುಹಿಡೀರಿ" ಎಂದರು. ಸಾಗಹಾಕಲು ಆಡಿದ ಮಾತಿರಬಹುದು. ಅತ್ತಿಗೆ ಮಾತ್ರ ಅದನ್ನು ಗಂಟುಕಟ್ಟಿಕೊಂಡು ಮನೆಗೆ ತಂದರು.

ಸ್ನಾತಕೋತ್ತರ ಓದಿಗೆ ಅರ್ಜಿ ಹಾಕುವಾಗ, ಏಕೆ ಓದಬೇಕೆಂದು ಒಂದು ಪ್ರಬಂಧ ಬರೆದು ಕಳಿಸಬೇಕಿತ್ತು. ಅಣ್ಣ ಮುಂದೆ ಬಿದ್ದು ಬರೆದುಕೊಟ್ಟ. "ತಮ್ಮ ಘನ ವಿಶ್ವವಿದ್ಯಾಲಯದಲ್ಲಿ ನನ್ನ ವ್ಯಾಸಂಗದ ಕೋರಿಕೆಯನ್ನು ಸಹಾನುಭೂತಿಯಿಂದ ಪರಿಶೀಲಿಸಬೇಕಾಗಿ ವಿನಂತಿ" ಎಂದು ಶುರುವಾಗಿತ್ತು ಅದು.

"ಇದು ರಜಾ ಅರ್ಜಿ ಕಣಣ್ಣ" ಎಂದೆ.

"ಮತ್ತೇನು, ಕಥೆ ಬರೀಬೇಕಾ?" ಎಂದು ಮುಖ ಊದಿಸಿಕೊಂಡ.

ಅತ್ತಿಗೆ ಕಥೆಯನ್ನೇ ಬರೆದರು. ಕಂಕುಳಲ್ಲಿ ಕಾಲು ತರುವ ಹುಡುಗಿಯ ಬಗ್ಗೆ ಬರೆದು, ಕೊನೆಯಲ್ಲಿ, "ಮಕ್ಕಳು ಬೆಳೆಯುತ್ತಾರೆ, ನಾನು ಮಾಡಿದ ಕಾಲು ಬೆಳೆಯುವುದಿಲ್ಲ. ನನಗೆ ಅದು ಸಾಕಾಗಿದೆ" ಎಂದು ಮುಗಿಸಿದ್ದರು. ಚೋಟು ಕಂಪ್ಯೂಟರಿನಲ್ಲಿ ಟೈಪ್ ಮಾಡಿದಳು. ಕೆಲವು ಕಡೆಯಿಂದ ಉತ್ತರವೇ ಬರಲಿಲ್ಲ. ಒಂದು ಕಡೆಯವರು ನಿಮ್ಮ ವಯಸ್ಸಿನ ಅಭ್ಯರ್ಥಿಗಳು ಎಂದು ಏನೋ ಬರೆದಿದ್ದರು. ನಾನು ಅವರಿಗೆ ಫೋನ್ ಮಾಡಿ ಬೈಯುತ್ತೇನೆಂದು ಎದ್ದಾಗ ಅತ್ತಿಗೆ ಫೋನು ಕಿತ್ತಿಟ್ಟುಕೊಂಡರು. ಆಮೇಲೆ, ನಾವು ಕಾದು ಕಾದು ಆಸೆ ಬಿಟ್ಟಿದ್ದ ಹೊತ್ತಿಗೆ, ಒಂದೇ ವಾರದಲ್ಲಿ ಎರಡು ಕಡೆ ಸೀಟು ಸಿಕ್ಕಿತು.

ಮೊದಲನೆಯದು ದೂರದ ಊರಿನದು. ರೈಲಿನಲ್ಲಿ ಒಂದು ಹಗಲು, ಒಂದು ರಾತ್ರಿ. ಎರಡು ವರ್ಷ ಅಲ್ಲೇ ಹಾಸ್ಟೆಲ್ಲಿನಲ್ಲಿದ್ದು ಓದಬೇಕು, ಖರ್ಚಿಗೆ ಅವರೇ ಕೊಡುತ್ತಾರೆ. ಅಲ್ಲಿ ಮಕ್ಕಳ ನಡಿಗೆಯದ್ದೇ ಒಂದು ಪ್ರಯೋಗಾಲಯವಿದೆ. ಅದರ ಪ್ರೊಫೆಸರಮ್ಮ ತಾವಾಗಿಯೇ ಫೋನ್ ಮಾಡಿ, "ಸಾಕಾಗಿದೆ ಅಂತ ಬರೆದಿರಲ್ಲ, ಅದಕ್ಕೇ ನಿಮ್ಮನ್ನ ಆರಿಸಿದ್ದು" ಎಂದು ನಕ್ಕಿದ್ದರಂತೆ. ಎರಡನೆಯದು ನಮ್ಮೂರಿನದೇ. ಸಂಜೆ ಕ್ಲಾಸು, ಮೂರು ವರ್ಷ, ಇರುವ ಕೆಲಸವನ್ನೂ ಇಟ್ಟುಕೊಳ್ಳಬಹುದು. ಆದರೆ ಅಲ್ಲಿ ಹೇಳಿಕೊಡುವುದು ಇಂಥ ವಿಭಾಗವನ್ನು ನಡೆಸುವುದು ಹೇಗೆ ಎಂಬುದನ್ನು, ಕಾಲು ಮಾಡುವುದನ್ನಲ್ಲ. ಓದು ಮುಗಿದರೆ ಅತ್ತಿಗೆ ವಿಭಾಗದ ಮುಖ್ಯಸ್ಥರಾಗಬಹುದು. ಬೇರೆ ಕೋಣೆ, ತಿರುಗುವ ಕುರ್ಚಿ.

"ತಿರುಗೋ ಕುರ್ಚೀಲಿ ಕೂತು ಸಹಿ ಹಾಕೋಕೆ ಮೂರು ವರ್ಷ ಓದ್ಬೇಕಾ?" ಎಂದು ಅತ್ತಿಗೆ ನಕ್ಕರು. ಆದರೆ ಆ ನಗು ಪೂರ್ತಿ ನಗುವಾಗಿರಲಿಲ್ಲ. ದೂರದ್ದು ಬೇಕು ಎನ್ನುವುದು ಅವರ ಮುಖ ನೋಡಿದರೆ ಯಾರಿಗೂ ತಿಳಿಯುತ್ತಿತ್ತು. ಚೋಟುವನ್ನು ಬಿಟ್ಟು ಎರಡು ವರ್ಷ ಹೋಗಬಹುದೇ, ಹೋದರೆ ಈ ಮನೆ ನಿಲ್ಲುತ್ತದೆಯೇ, ಇದು ಅವರನ್ನು ಕೊರೆಯುತ್ತಿದ್ದದ್ದು. ತಿಂಗಳೊಳಗೆ ಉತ್ತರ ಕೊಡಬೇಕಿತ್ತು. ಅಣ್ಣನನ್ನು ಕೇಳಿದರೆ, "ನಿನಗೆ ಹೇಗೆ ಅನ್ಸುತ್ತೋ ಹಾಗೆ" ಎಂದು ಅಡ್ಡಗೋಡೆಯ ಮೇಲೆ ದೀಪವಿಟ್ಟ. ಚೋಟು, "ಹೋಗಮ್ಮ, ಮಜಾ ಮಾಡು" ಎಂದು ಫೋನಿನಿಂದ ತಲೆಯೆತ್ತದೆ ಹೇಳಿದಳು. ನಾನಂತೂ ದೂರದ್ದಕ್ಕೇ ಹೋಗಿ ಎಂದು ದಿನಕ್ಕೆ ಹತ್ತು ಸಲ ಹೇಳಿ ಅವರ ಕಿವಿ ತೂತು ಮಾಡಿದೆ.

ಅತ್ತಿಗೆ ನಮ್ಮ ಮೂವರ ಮಾತನ್ನೂ ನಂಬಲಿಲ್ಲ. ಅದಕ್ಕೆ ಕಾರಣ ಅವರ ಕಸುಬು. ವರ್ಕ್‌ಶಾಪಿನಲ್ಲಿ ನಿಜವಾದ ಬಟ್ಟಲು ಮಾಡುವ ಮೊದಲು ಒಂದು ಪರೀಕ್ಷೆಯ ಬಟ್ಟಲು ಮಾಡುತ್ತಾರೆ, ಗಾಜಿನಂತೆ ಪಾರದರ್ಶಕವಾದದ್ದು. ಬಂದವರು ಅದನ್ನು ಹಾಕಿಕೊಂಡು ಮನೆಗೆ ಹೋಗಿ, ತಮ್ಮದೇ ಮೆಟ್ಟಿಲು, ತಮ್ಮದೇ ಬಚ್ಚಲು, ತಮ್ಮದೇ ಬೀದಿಯಲ್ಲಿ ಒಂದು ವಾರ ನಡೆದು ಬರಬೇಕು. ಆಮೇಲೆ ಅತ್ತಿಗೆ ಕಾಲು ಬಿಚ್ಚಿಸಿ ಚರ್ಮ ನೋಡುತ್ತಾರೆ. ಎಲ್ಲಿ ಕೆಂಪಾಗಿದೆಯೋ ಅಲ್ಲಿ ಒತ್ತುತ್ತಿದೆ ಎಂದರ್ಥ, ಅಲ್ಲಿ ತಿದ್ದಬೇಕು. ಬಾಯಿಮಾತು ಕೇಳುವುದೇ ಇಲ್ಲ. ಒಬ್ಬ ಡ್ರಿಲ್ ಮೇಷ್ಟ್ರು ಇದ್ದರಂತೆ, ಬೇಗ ಮನೆಗೆ ಕಳಿಸಲಿ ಎಂದು, "ನೋವೇ? ಛೇ, ಹೂವಿನ ಹಾಗಿದೆ" ಎಂದು ಒಂದೇ ಸಮ ಹೊಗಳುತ್ತಿದ್ದವರು. ಬಿಚ್ಚಿ ನೋಡಿದರೆ ಬೊಬ್ಬೆ.

"ನೀವೆಲ್ಲ ಮೇಷ್ಟ್ರ ಥರಾನೇ ಮಾತಾಡ್ತಿದೀರಿ" ಎಂದರು ಅತ್ತಿಗೆ. "ಎರಡನ್ನೂ ನಡೆದು ನೋಡೋಣ."

ಹಾಗೆ ಶುರುವಾಯಿತು ನಮ್ಮ ಮನೆಯ ಪರೀಕ್ಷೆ. ಮೊದಲು ದೂರದ ಸೀಟು. ಅತ್ತಿಗೆ ಹಾಸಿಗೆ ಸುತ್ತಿಕೊಂಡು ನನ್ನ ಕೋಣೆಗೆ ಬಂದರು. ಆ ಕೋಣೆಯೇ ಹಾಸ್ಟೆಲ್. ಕೆಲಸಕ್ಕೆ ಹೊರಗಿನ ಮೆಟ್ಟಿಲಿನಿಂದ ಇಳಿದು ಹೋಗುವುದು, ಅಲ್ಲಿಂದಲೇ ಹತ್ತಿ ಬರುವುದು, ಒಂದು ವಾರ ಕೆಳಗಿನ ಹೊಸ್ತಿಲು ತುಳಿಯುವ ಹಾಗಿಲ್ಲ. ಸಂಜೆ ಒಂದು ಫೋನ್, ಅಷ್ಟೇ. ಅವರು ಮೇಲಿನಿಂದ "ಹಲೋ" ಎಂದರೆ ಕೆಳಗಿನವರಿಗೆ ಫೋನಿನಲ್ಲೂ ಕೇಳುತ್ತಿತ್ತು, ಸೂರಿನಿಂದಲೂ ಕೇಳುತ್ತಿತ್ತು. ಅಣ್ಣ ಗಂಭೀರವಾಗಿ, "ಅಲ್ಲಿ ಹವಾ ಹೇಗಿದೆ?" ಎಂದು ಕೇಳುತ್ತಿದ್ದ. "ಸ್ವಲ್ಪ ಸೆಕೆ ರೀ. ರೂಮ್‌ಮೇಟ್ ಗೊರಕೆ ಹೊಡೀತಾಳೆ" ಎಂದು ಅತ್ತಿಗೆ ನನ್ನನ್ನೇ ನೋಡುತ್ತ ಹೇಳುತ್ತಿದ್ದರು.

ಆ ವಾರ ಎಲ್ಲ ಸಲೀಸಾಗಿ ನಡೆಯಿತು. ಬಟ್ಟೆ ಒಗೆದು ಇಸ್ತ್ರಿಯಾಯಿತು, ಹೊತ್ತುಹೊತ್ತಿಗೆ ಊಟವಾಯಿತು. ವಾರ ಮುಗಿದ ದಿನ ಅತ್ತಿಗೆ ಕೆಳಗಿಳಿದರು. ಅಣ್ಣ ಬಾಗಿಲಲ್ಲೇ, "ಒಂಚೂರೂ ತೊಂದರೆ ಆಗ್ಲಿಲ್ಲ ಕಣೆ" ಎಂದು ಹಲ್ಲುಕಿರಿದ. ಅತ್ತಿಗೆ ನೇರ ಅಡುಗೆಮನೆಗೆ ಹೋಗಿ ಅಕ್ಕಿ ಡಬ್ಬಿ ತೆಗೆದು ನೋಡಿದರು. ಒಲೆಯ ಮೇಲೆ ಬೆರಳಾಡಿಸಿದರು. ಚೋಟುವಿನ ಯೂನಿಫಾರ್ಮಿನ ತೋಳು ಎತ್ತಿ ಹಿಡಿದು ಇಸ್ತ್ರಿಯ ಗೆರೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಇದು ನಿನ್ನ ಇಸ್ತ್ರಿ. ತೋಳಿಗೆ ಎರಡು ಗೆರೆ ಹಾಕೋದು ನೀನೊಬ್ಬಳೇ. ಅಡುಗೇನೂ ನಿಂದೇ. ಎಲ್ಲಿ ಮಾಡ್ತಿದ್ದೆ?"

"ಡ್ರೈವಿಂಗ್ ಸ್ಕೂಲಿನ ಹಿಂದಿನ ರೂಮಲ್ಲಿ" ಎಂದೆ. ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. ದಿನಾ ಪಾಠದ ಕಾರಿನಲ್ಲೇ ಡಬ್ಬಿ ತಂದು ಹಿತ್ತಲ ಬಾಗಿಲಲ್ಲಿ ಅಣ್ಣನ ಕೈಗೆ ಕೊಡುತ್ತಿದ್ದೆ. ಸ್ಟಿಯರಿಂಗ್ ಹಿಡಿದ ಹೆಂಗಸರು ಡಬ್ಬಿಯ ವಾಸನೆಗೆ ಹಸಿದು ಸಿಗ್ನಲ್ ತಪ್ಪಿಸುತ್ತಿದ್ದರು. "ಅವರು ಹಸ್ಕೊಂಡಿರ್ಲಿ ಅಂತ ಬಿಡೋಕೆ ನಾನೇನು ಕಲ್ಲಾ ಅತ್ತಿಗೆ?"

"ನಿಮ್ಮ ಬೇಳೆ ನನ್ನ ಹತ್ರ ಬೇಯಲ್ಲ." ಅತ್ತಿಗೆಗೆ ನಿಜವಾಗಿಯೂ ಸಿಟ್ಟು ಬಂದಿತ್ತು. ಅವರು ದನಿ ಎತ್ತುವವರಲ್ಲ, ಸಿಟ್ಟು ಬಂದರೆ ಇನ್ನೂ ಮೆಲ್ಲಗೆ ಮಾತಾಡುತ್ತಾರೆ. "ಎಲ್ಲೂ ಕೆಂಪಾಗೇ ಇಲ್ಲ. ಅಂದ್ರೆ ನೀವ್ಯಾರೂ ಕಾಲು ಹಾಕ್ಕೊಂಡೇ ಇಲ್ಲ. ಇದನ್ನ ನಂಬ್ಕೊಂಡು ನಾನು ಅಷ್ಟು ದೂರ ಹೋಗಿ, ಅಲ್ಲಿ ಕ್ಲಾಸಿನ ಮಧ್ಯೆ ನಿಮ್ಮ ಬೊಬ್ಬೆ ಸುದ್ದಿ ಕೇಳ್ಬೇಕಾ? ಮತ್ತೆ ಮಾಡಿ. ಈ ಸಲ ನಿಜವಾಗಿ ಮಾಡಿ."

ನಮ್ಮ ಮೂವರ ತಲೆಯೂ ತಗ್ಗಿತು. ಅವರು ಮತ್ತೆ ಹಾಸಿಗೆ ಸುತ್ತಿಕೊಂಡು ಮೇಲೆ ಬಂದರು. ಈ ಸಲ ನನ್ನ ಕೈ ಕಟ್ಟಿಹಾಕಿದ್ದರು, ಕೆಳಗೆ ಏನು ಸದ್ದಾದರೂ ಇಳಿಯುವ ಹಾಗಿಲ್ಲ. ಸದ್ದಿಗೇನು ಕೊರತೆಯಿರಲಿಲ್ಲ. ಮೊದಲ ದಿನ ಹಾಲು ಉಕ್ಕಿತು, ಮರುದಿನ ಅನ್ನ ಸೀದಿತು. ಮೂರನೆಯ ದಿನ ಅಪ್ಪ ಮಗಳ ನಡುವೆ ಬಚ್ಚಲಿನ ಸರದಿಗೆ ಯುದ್ಧವಾಯಿತು. ಅಣ್ಣ ತನ್ನ ಬಿಳಿ ಅಂಗಿಗಳನ್ನು ಮಗಳ ಕೆಂಪು ಪ್ಯಾಂಟಿನ ಜೊತೆ ನೆನೆಹಾಕಿದ್ದರಿಂದ ಡಿಪೋಗೆ ಗುಲಾಬಿ ಅಂಗಿಯಲ್ಲಿ ಹೋದ. ಅತ್ತಿಗೆ ಮೇಲೆ ಮಂಚದ ತುದಿಯಲ್ಲಿ ಕೂತು ಎರಡೂ ಕೈ ತೊಡೆಯಡಿಗೆ ಇಟ್ಟುಕೊಂಡಿದ್ದರು. ನಾನು ಅಂಥ ಕಷ್ಟವನ್ನು ಕಂಡಿರಲಿಲ್ಲ, ಸುಮ್ಮನೆ ಕೂರುವ ಕಷ್ಟ. ಒಂದು ಸಂಜೆ ಫೋನಿನಲ್ಲಿ ಚೋಟು ಇದ್ದಕ್ಕಿದ್ದಂತೆ ಅತ್ತುಬಿಟ್ಟಳು. ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದಿತ್ತು, ಅಪ್ಪನಿಗೆ ಹೇಳಲು ಭಯ. ಅತ್ತಿಗೆ ಎದ್ದು ಬಾಗಿಲವರೆಗೆ ಹೋದವರು ಅಲ್ಲೇ ನಿಂತರು. ಅಲ್ಲೇ ನಿಂತು ಮಾತಾಡಿದರು, ಮಗಳ ಅಳು ನಿಲ್ಲುವವರೆಗೆ. "ಈಗ ಹೋಗಿ ಅಪ್ಪಂಗೆ ಹೇಳು. ಅವರೇನು ನುಂಗಲ್ಲ" ಎಂದು ಫೋನಿಟ್ಟು, ಗೋಡೆಗೆ ಹಣೆ ಕೊಟ್ಟು ಸ್ವಲ್ಪ ಹೊತ್ತು ನಿಂತಿದ್ದರು. ಕೆಳಗೆ ಅಪ್ಪ ಮಗಳು ಮಾತಾಡುವುದು ಕೇಳಿಸಿತು, ಏನೆಂದು ತಿಳಿಯಲಿಲ್ಲ, ಜಗಳವಂತೂ ಅಲ್ಲ.

ವಾರದ ಕೊನೆಗೆ ಅವರು ಇಳಿದು ನೋಡಿದಾಗ ಅಡುಗೆಮನೆ ಕುರುಕ್ಷೇತ್ರವಾಗಿತ್ತು. ಅಣ್ಣನ ಹೆಬ್ಬೆರಳಿಗೆ ಬ್ಯಾಂಡೇಜು. ಆದರೆ ಒಲೆಯ ಮೇಲೆ ಬಿಸಿ ಅನ್ನವಿತ್ತು, ಸೀದಿರಲಿಲ್ಲ. ಗೋಡೆಗೆ ಚೋಟು ಬಚ್ಚಲಿನ ಸರದಿ ಬರೆದು ಅಂಟಿಸಿದ್ದಳು, ಕೆಳಗೆ ಅಣ್ಣ ಡಿಪೋದ ರೀತಿಯಲ್ಲಿ ಸಹಿ ಹಾಕಿದ್ದ. ಅತ್ತಿಗೆ ಒಂದೊಂದನ್ನೂ ಕೇಳಿದರು. ಎಲ್ಲಿ ಕಷ್ಟವಾಯಿತು, ಎಷ್ಟು ಕಷ್ಟವಾಯಿತು, ಆಮೇಲೆ ಏನು ಮಾಡಿದಿರಿ. ಈ ಸಲ ಯಾರೂ ಹೂವಿನ ಹಾಗಿದೆ ಎನ್ನಲಿಲ್ಲ.

ಆಮೇಲೆ ಹತ್ತಿರದ ಸೀಟಿನ ಪರೀಕ್ಷೆ. ಅತ್ತಿಗೆ ಕೆಳಗೇ ಮಲಗಿದರು, ಬೆಳಿಗ್ಗೆ ಅಡುಗೆ ಮಾಡಿಟ್ಟು ಕೆಲಸಕ್ಕೆ ಹೋದರು, ಕೆಲಸ ಮುಗಿಸಿ ಕ್ಲಾಸಿನ ಬದಲು ಗ್ರಂಥಾಲಯದಲ್ಲಿ ಕೂತು ಆ ಓದಿನ ಪುಸ್ತಕಗಳನ್ನೇ ಓದಿದರು, ಮುಚ್ಚುವ ಹೊತ್ತಿಗೆ ಮನೆಗೆ ಬಂದರು. ನನಗೆ ಸುಲಭವೆನಿಸಿದ್ದು ಇದು. ಆದರೆ ಎರಡೇ ದಿನಕ್ಕೆ ಅವರ ಮುಖ ಇಳಿದುಹೋಯಿತು. ಬಂದವರು ಊಟದ ತಟ್ಟೆಯ ಮುಂದೆ ತೂಕಡಿಸುತ್ತಿದ್ದರು. ಎಂದೂ ಯಾರನ್ನೂ ಗದರದವರು ಎಲ್ಲರ ಮೇಲೂ ಹರಿಹಾಯ್ದರು, ಅಣ್ಣ ಚಪ್ಪಲಿ ಬಿಟ್ಟ ಜಾಗಕ್ಕೆ, ನಾನು ಬಾಗಿಲು ಹಾಕಿದ ರೀತಿಗೆ. ವರ್ಕ್‌ಶಾಪಿನಲ್ಲಿ ಯಾರದೋ ಅಚ್ಚನ್ನು ಜಾಸ್ತಿ ಉಜ್ಜಿ ಹಾಳುಮಾಡಿ ಮತ್ತೆ ಮಾಡಬೇಕಾಯಿತಂತೆ. ಅವರ ಕೈಯಲ್ಲಿ ಅಂಥದ್ದು ಆಗಿದ್ದನ್ನು ನಾವು ಕೇಳಿರಲೇ ಇಲ್ಲ. ಓದಿದ್ದೇನೆಂದು ಕೇಳಿದರೆ, "ಬಜೆಟ್ಟು, ಹಾಜರಿ" ಎಂದು ಆಕಳಿಸಿದರು.

ಆ ವಾರ ಮುಗಿದ ಭಾನುವಾರ ನಾವು ನಾಲ್ವರೂ ಮೇಜಿನ ಸುತ್ತ ಕೂತೆವು. ಅತ್ತಿಗೆ ಮಗಳನ್ನೇ ಮೊದಲು ಕೇಳಿದರು. ಚೋಟು ಈ ಸಲ ಫೋನನ್ನು ಮಗುಚಿಟ್ಟಿದ್ದಳು.

"ನೀನು ಮೇಲಿದ್ದಾಗ ನಂಗೆ ಕಷ್ಟ ಆಯ್ತಮ್ಮ. ತುಂಬಾ ಆಯ್ತು" ಎಂದಳು. "ಆದ್ರೆ ಫೋನಲ್ಲಿ ಮಾತಾಡಿದ್ದು ನೀನೇ. ಈ ವಾರ ಮನೇಲಿದ್ದೋಳು ಯಾರು ಅಂತಾನೇ ಗೊತ್ತಾಗ್ಲಿಲ್ಲ. ಮೂರು ವರ್ಷ ಹೀಗಿರೋದಾ? ಬೇಡ. ನೀನು ಹೋಗಿ ಬಾ."

ಅಣ್ಣ ಬ್ಯಾಂಡೇಜಿನ ಹೆಬ್ಬೆರಳು ಎತ್ತಿ, "ಹಸಿರು ನಿಶಾನೆ" ಎಂದ. ನಕ್ಕೆವು. ಅತ್ತಿಗೆ ನಗುತ್ತಲೇ ಕಣ್ಣೊರೆಸಿಕೊಂಡರು. ಅಷ್ಟು ನಿರಾಳವಾದ ಮುಖವನ್ನು ನಾನು ಆ ಇಡೀ ತಿಂಗಳಲ್ಲಿ ನೋಡಿರಲಿಲ್ಲ. ಆಸ್ಪತ್ರೆಯಲ್ಲಿ ಸಂಬಳವಿಲ್ಲದ ರಜೆ ಕೊಡಲು ಡಾಕ್ಟರು ಆಗಲೇ ಒಪ್ಪಿದ್ದರು. ಇನ್ನು ಉಳಿದದ್ದು ಫೋನಿನಲ್ಲಿ ಒಪ್ಪಿಗೆಯ ಗುಂಡಿ ಒತ್ತುವುದು.

ಅವರು ಒತ್ತಲಿಲ್ಲ. "ಇನ್ನೂ ಒಂದು ಬಾಕಿ ಇದೆ" ಎಂದು ಅಣ್ಣನಿಗೆ ಹೇಳಿ, ಮೇಲೆ ಉಳಿದಿದ್ದ ತಮ್ಮ ದಿಂಬು ತರುವವರಂತೆ ನನ್ನ ಹಿಂದೆಯೇ ಮೆಟ್ಟಿಲು ಹತ್ತಿ ಬಂದರು. ನನ್ನ ಕೋಣೆಯ ಕುರ್ಚಿಯ ಮೇಲಿನ ಬಟ್ಟೆ ಎತ್ತಿಟ್ಟು ಕೂತರು.

"ನಿಂದು ನೋಡ್ಲೇ ಇಲ್ಲ ನಾನು" ಎಂದರು.

"ನಂದೇನು ನೋಡೋದು?"

"ದೂರದ್ದನ್ನ ಎರಡು ಸಲ ನಡೆದು ನೋಡಿದ್ವಿ. ಎರಡು ಸಲಾನೂ ನಾನಿದ್ದದ್ದು ನಿನ್ನ ರೂಮಲ್ಲಿ. ಅವರಿಬ್ರಿಗೆ ನಾನಿರ್ಲಿಲ್ಲ, ನಿನಗೆ ಪೂರ್ತಿ ಇದ್ದೆ. ನಾನು ಹೋದ್ರೆ ನಿನಗೆ ಹೇಗಿರುತ್ತೆ ಅಂತ ನಾವ್ಯಾರೂ ಯೋಚ್ನೆನೇ ಮಾಡ್ಲಿಲ್ಲ."

ಅದು ನನಗೆ ಗೊತ್ತಿತ್ತು. ಆ ಎರಡು ವಾರ ನಾನು ಎಷ್ಟು ಸಂತೋಷವಾಗಿದ್ದೆನೆಂದರೆ, ಬೆಳಿಗ್ಗೆ ಎದ್ದ ತಕ್ಷಣ ಪಕ್ಕದಲ್ಲಿ ಅವರ ಬಿಳಿ ಪುಡಿಯ ತಲೆ ಕಂಡರೆ ಸಾಕು, ಆ ದಿನ ಯಾವ ಹೆಂಗಸು ಗೇರು ಮುರಿದರೂ ನನಗೆ ಕೋಪ ಬರುತ್ತಿರಲಿಲ್ಲ. ಈ ಮನೆಯಲ್ಲಿ ನನಗೆ ಅಣ್ಣನಿದ್ದಾನೆ, ಮಗುವಿದೆ. ಆದರೆ ನಾನು ಬಾಯಿಬಿಟ್ಟು ಮಾತಾಡುವುದು ಅತ್ತಿಗೆಯ ಹತ್ತಿರ ಮಾತ್ರ. ಹೋಗಿ ಹೋಗಿ ಎಂದು ದಿನಕ್ಕೆ ಹತ್ತು ಸಲ ಹೇಳಿದ್ದು, ಒಂದು ಸಲ ನಿಲ್ಲಿಸಿದರೆ ಬೇರೆ ಮಾತು ಬಂದುಬಿಡುತ್ತದೆಂದು.

"ನಾನು ಆರಾಮಾಗಿರ್ತೀನಿ ಬಿಡಿ" ಎಂದೆ.

ಅವರು ಕುರ್ಚಿಯಿಂದ ಏಳಲಿಲ್ಲ. ಕೆಳಗೆ ಅಣ್ಣ ಪಾತ್ರೆ ತೊಳೆಯುವ ಸದ್ದು ಬರುತ್ತಿತ್ತು.

"ಕಷ್ಟ ಆಗುತ್ತೆ ಅತ್ತಿಗೆ" ಎಂದೆ ಕೊನೆಗೆ. "ಸಂಜೆ ಹೊತ್ತು ಜಾಸ್ತಿ ಆಗುತ್ತೆ. ಯಾರ ಹತ್ರ ಬಯ್ಕೊಳ್ಳಲಿ ನಾನು? ಅಣ್ಣನ ಹತ್ರ ಹೇಳಿದ್ರೆ ಬಸ್ ಟೈಮು ಹೇಳ್ತಾನೆ."

"ನನಗೂ ಆಗುತ್ತೆ" ಎಂದರು ಅವರು. "ಅಲ್ಲಿ ಗೊರಕೆ ಹೊಡೆಯೋರು ಯಾರಿರ್ತಾರೋ."

"ಆದ್ರೂ ಹೋಗ್ಬೇಡಿ ಅನ್ನಲ್ಲ ನಾನು."

"ಗೊತ್ತು. ನೀನು ಅನ್ನಲ್ಲ ಅಂತಾನೇ ಕೇಳೋಕೆ ಬಂದೆ."

ಅವರು ಫೋನು ತೆಗೆದು ನನ್ನ ಕಡೆ ಚಾಚಿದರು. ನಾನು ಬೇಡವೆಂದು ತಲೆಯಾಡಿಸಿದೆ. ಇದು ಅವರದು, ಅವರೇ ಒತ್ತಬೇಕು. ಅತ್ತಿಗೆ ಕನ್ನಡಕ ಹಣೆಗೇರಿಸಿ, ಫೋನನ್ನು ಕಣ್ಣ ಹತ್ತಿರ ಹಿಡಿದು, ಪ್ಲಾಸ್ಟರ್ ಹತ್ತಿ ಒರಟಾದ ಬೆರಳಿನಿಂದ ಒತ್ತಿದರು. ಮೊದಲ ಸಲ ಫೋನಿಗೆ ಗೊತ್ತಾಗಲಿಲ್ಲ. ಬೆರಳನ್ನು ಸೆರಗಿಗೆ ಒರೆಸಿಕೊಂಡು ಮತ್ತೆ ಒತ್ತಿದರು. ಆಯಿತು ಎಂದು ಅದು ತೋರಿಸಿದಾಗ ನಾವಿಬ್ಬರೂ ಒಟ್ಟಿಗೇ ಉಸಿರು ಬಿಟ್ಟೆವು.

"ಈಗ ಅಳಬಹುದು ಕಣೆ ನಾವು" ಎಂದರು ಅತ್ತಿಗೆ. ಆದರೆ ಇಬ್ಬರಿಗೂ ಬಂದದ್ದು ನಗು. ಅವರು ದಿಂಬು ತೆಗೆದುಕೊಂಡು ಹೋಗುವುದನ್ನು ಮರೆತು, ಹೊರಡುವ ದಿನದವರೆಗೆ ಏನೇನು ಕೆಲಸವಿದೆ ಎಂದು ಹೇಳತೊಡಗಿದರು. ನಾನು ಎದುರಿಗೆ ಕೂತು ಪ್ರತಿಯೊಂದಕ್ಕೂ ಅಡ್ಡಮಾತಾಡಿದೆ.